ಮುನ್ನೂರ ಅರವತ್ತು, ಮೇಲ್ಗಡೆ

ಹನ್ನೊಂದು ವರ್ಷದ ಹಿಂದೆ ಆಫೀಸಿನ ಗೋಡೆ ಗಡಿಯಾರ ನಿಂತುಹೋಗಿತ್ತು. ಅದನ್ನು ಕೆಳಗಿಳಿಸಿ, ಹೊಸ ಸೆಲ್ ಹಾಕಿ, ಮತ್ತೆ ಮೊಳೆಗೆ ತಗುಲಿಹಾಕಿದ್ದೊಂದೇ ಅವರು ಮಾಡಿದ ಕೆಲಸ. ಗಡಿಯಾರ ಟಿಕ್ ಎಂದಿತು, ಸೂಪರಿಂಟೆಂಡೆಂಟರು "ಭಲೇ, ತಜ್ಞರು ಕಣ್ರೀ ನೀವು" ಎಂದರು. ಅಷ್ಟೇ. ಅಂದಿನಿಂದ ನೀರು ಸರಬರಾಜು ಕಚೇರಿಯ ದೂರು ವಿಭಾಗದ ಆ ಬಡಪಾಯಿ ಗುಮಾಸ್ತರನ್ನು ಹೆಸರು ಹಿಡಿದು ಕರೆದವರಿಲ್ಲ. ಆಫೀಸಿನಲ್ಲಿ ತಜ್ಞರು, ಬೀದಿಯಲ್ಲಿ ತಜ್ಞರು, ಹಾಲಿನವನ ಪುಸ್ತಕದಲ್ಲೂ ತಜ್ಞರು.

ಬಿರುದು ಕೊಟ್ಟವರು ಕೊಟ್ಟು ಕೈತೊಳೆದುಕೊಂಡರು. ಅದನ್ನು ಉಳಿಸಿಕೊಳ್ಳುವ ಪಾಡು ತಜ್ಞರ ಪಾಲಿಗೆ ಬಂತು. ಅವರ ಬಾಯಿಂದ "ಗೊತ್ತಿಲ್ಲ" ಎಂಬ ಮಾತು ಬಂದದ್ದನ್ನು ಆಮೇಲೆ ಯಾರೂ ಕೇಳಿಲ್ಲ. ದಾರಿ ಕೇಳಿದವರಿಗೆಲ್ಲ ದಾರಿ ಹೇಳುತ್ತಿದ್ದರು. ಕೇಳಿದವರು ಮುಂದಿನ ತಿರುವಿನಲ್ಲಿ ಇನ್ನೊಬ್ಬರನ್ನು ಕೇಳಿ ಹೇಗೋ ಮನೆ ಸೇರುತ್ತಿದ್ದರು. ಒಮ್ಮೆ ಬಟ್ಟೆ ಒಗೆಯುವ ಯಂತ್ರವನ್ನೂ ತಾವೇ ರಿಪೇರಿ ಮಾಡಿದ್ದರು. ಅದರ ಗುರುತು ಕೆಳಗಿನ ಮನೆಯ ಚಾವಣಿಯಲ್ಲಿ ಕೊಡಪಾನದಗಲದ ಕಲೆಯಾಗಿ ಇಂದಿಗೂ ಇದೆ.

ಇಂಥವರ ಮನೆಯಲ್ಲಿ ಕಂಪ್ಯೂಟರ್ ಕೈಕೊಟ್ಟಿತು. ಅದೂ ಎಂಥ ಹೊತ್ತಿನಲ್ಲಿ ಅಂತೀರಿ.

ಕೆಳಗಿನ ಮನೆಯಲ್ಲಿದ್ದವರು ಶಾಲೆಯ ಹೆಡ್‌ಮಿಸ್. ಮೂವತ್ತೆಂಟು ವರ್ಷ ಪಾಠ ಹೇಳಿ ನಿವೃತ್ತರಾಗುತ್ತಿದ್ದರು. ಬರುವ ಭಾನುವಾರ ಬೀಳ್ಕೊಡುಗೆ. ಹಳೆಯ ವಿದ್ಯಾರ್ಥಿಗಳೆಲ್ಲ ಗುಟ್ಟಾಗಿ ಮಾತಾಡಿಕೊಂಡು, ತಮ್ಮ ತಮ್ಮ ಫೋನಿನಲ್ಲಿ ಒಂದೊಂದು ನಿಮಿಷ ಮಾತಾಡಿ ಕಳಿಸಿದ್ದರು. ಅದನ್ನೆಲ್ಲ ಒಂದು ಚಿತ್ರವಾಗಿ ಜೋಡಿಸುವ ಹೊಣೆ ತಜ್ಞರ ಹೆಂಡತಿಯದು. ಆಕೆ ವರ್ಷದಿಂದ ವಿಡಿಯೋ ಜೋಡಿಸುವುದನ್ನು ಕಲಿತಿದ್ದಳು. ಅದಕ್ಕಿಂತ ಹೆಚ್ಚಾಗಿ ಆಕೆಯೂ ಆ ಮಿಸ್‌ನ ಐದನೇ ಕ್ಲಾಸಿನ ಹುಡುಗಿ. ನಾಲ್ಕು ಜನರೆದುರು ಬಾಯಿ ತೆರೆಯಲು ಹೆದರುತ್ತಿದ್ದವಳನ್ನು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು, ಒಂದು ವರ್ಷ ಪೂರ್ತಿ ಗಟ್ಟಿಯಾಗಿ ಓದಿಸಿದವರು ಹೆಡ್‌ಮಿಸ್. ಚಿತ್ರದ ಕೊನೆಯ ನಿಮಿಷದಲ್ಲಿ ಮಾತಾಡುವವಳು ಆಕೆಯೇ.

ಎಲ್ಲವನ್ನೂ ಜೋಡಿಸಿಯಾಗಿತ್ತು. ಇನ್ನು ಒಂದೇ ಫೈಲಾಗಿ ಇಳಿಸುವುದಷ್ಟೇ ಬಾಕಿ. ಗುಂಡಿ ಒತ್ತಿದರೆ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಒಂದು, ಎರಡು ಎಂದು ನೂರರವರೆಗೆ ಸಾಗಬೇಕು. ನಲವತ್ತರವರೆಗೆ ಚೆನ್ನಾಗಿಯೇ ಸಾಗುತ್ತಿತ್ತು. ನಲವತ್ತೊಂದು ಬರುತ್ತಿದ್ದಂತೆ ಕಂಪ್ಯೂಟರ್ ಗಕ್ಕನೆ ಆರಿಹೋಗುತ್ತಿತ್ತು. ಸೋಮವಾರ ಒಂದೇ ದಿನ ಮೂರು ಸಲ ಹಾಗಾಯಿತು.

"ರೀ, ಮುಟ್ಟಿ ನೋಡಿ. ಕಾದ ಹೆಂಚಾಗಿದೆ," ಎಂದಳು ಹೆಂಡತಿ.

ತಜ್ಞರು ಮುಟ್ಟಿದರು. ಅವರ ಕೈಗೆ ಸಿಕ್ಕಿದ್ದು ಕವರ್. ಆ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುತ್ತಿರಲಿಲ್ಲ. ತಜ್ಞರ ತಾಯಿ ಮೂವತ್ತು ವರ್ಷ ಸಮವಸ್ತ್ರ ಹೊಲಿದವರು. ಮಿಕ್ಸಿಗೆ ಕವರ್, ರೇಡಿಯೋಗೆ ಕವರ್, ರಿಮೋಟಿಗೆ ಗುಂಡಿಯಿದ್ದ ಕವರ್. ಯಾರಾದರೂ ಕದಲದೆ ಐದು ನಿಮಿಷ ಕೂತರೆ ಅವರಿಗೂ ಅಳತೆ ತೆಗೆದುಬಿಡುವರೇನೋ ಎಂಬ ಭಯ ಬಂದವರಿಗೆಲ್ಲ ಇತ್ತು. ಈಚೆಗೆ ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳು ಸೂಜಿ ಮುಟ್ಟಿರಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಹೊಲಿದ ಮೊದಲ ವಸ್ತುವೇ ಕಂಪ್ಯೂಟರಿನ ಈ ಕವರ್. ದಪ್ಪನೆಯ ಪರದೆ ಬಟ್ಟೆ, ಸುತ್ತ ನೆರಿಗೆ, ಗುಂಡಿ ಒತ್ತಲು ಒಂದು ಕಿಂಡಿ, ವೈರಿಗೆ ಒಂದು ಕಿಂಡಿ. ಹೊಲಿಗೆ ಗೆರೆ ಎಳೆದಷ್ಟು ನೆಟ್ಟಗೆ ಬಂದಿತ್ತು. ಅಂದು ಮನೆಯವರೆಲ್ಲ ಅದನ್ನು ನೋಡಿ ಕಣ್ಣೊರೆಸಿಕೊಂಡಿದ್ದರು.

"ಬಿಸಿ ಆಗ್ತಿದೆಯಲ್ಲೋ, ಹಾಗೆ ಆಗ್ಬೇಕಾ ಅದು?" ಎಂದು ತಾಯಿ ಕೇಳಿದರು.

"ಒಳಗೆ ಕೆಲಸ ನಡೀತಿದೆ ಅಂದ್ರೆ ಬಿಸಿ ಇರ್ಲೇಬೇಕಮ್ಮ. ಅದೆಲ್ಲ ನಿಂಗೆ ಗೊತ್ತಾಗಲ್ಲ," ಎಂದರು ತಜ್ಞರು. ಹೆಂಡತಿಯ ಕಡೆ ತಿರುಗಿ, "ನೀನು ಯೋಚನೆ ಮಾಡ್ಬೇಡ. ನಾನಿದ್ದೀನಲ್ಲ," ಎಂದರು. ಆಕೆಗೆ ಯೋಚನೆ ಶುರುವಾದದ್ದು ಆಗಲೇ.

ಮಂಗಳವಾರ ಆಫೀಸಿನಲ್ಲಿ ವಿಷಯ ಎತ್ತಿದಾಗ ಟೈಪಿಸ್ಟ್, "ನನ್ನ ತಮ್ಮನ ಕಂಪ್ಯೂಟರೂ ಹೀಗೇ ಆಡ್ತಿತ್ತು. ಈಗ ನೀರಿಂದ ತಣ್ಣಗಾಗೋದು ಹಾಕ್ಸಿದ್ದಾನೆ, ಸರಿಹೋಯ್ತು," ಎಂದಳು.

"ನಾನೂ ಅದೇ ತೀರ್ಮಾನಕ್ಕೆ ಬಂದಿದ್ದೆ," ಎಂದರು ತಜ್ಞರು. ಕಂಪ್ಯೂಟರಿಗೂ ನೀರಿಗೂ ನಂಟುಂಟು ಎಂದು ಅವರಿಗೆ ತಿಳಿದು ಆಗ ಅರ್ಧ ನಿಮಿಷವೂ ಆಗಿರಲಿಲ್ಲ.

ಸಂಜೆ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಒಳ್ಳೆಯವನೇ. ಮಾರುವ ಮೊದಲು, "ಸಾರ್, ನಿಜವಾಗ್ಲೂ ನೀರಿನದೇ ಬೇಕಾ? ಒಳಗಿನ ಫ್ಯಾನಿಗೆ ಗಾಳಿ ಸರಿಯಾಗಿ ಆಡ್ತಿದೆಯಾ ನೋಡಿದ್ರಾ?" ಎಂದು ಕೇಳಿದ.

"ಅದೆಲ್ಲ ನೋಡಿ ಮುಗೀತು. ಗಾಳಿಯ ಕಾಲ ಹೋಯ್ತು ಕಣಯ್ಯ," ಎಂದರು ತಜ್ಞರು.

"ಹಾಗಿದ್ರೆ ಇನ್ನೂರ ನಲವತ್ತು ಹಾಕ್ತೀರಾ, ಮುನ್ನೂರ ಅರವತ್ತಾ?"

ಅವನು ಕೇಳಿದ್ದು ಶಾಖ ಹೊರಹಾಕುವ ಜಾಲರಿಯ ಉದ್ದ. ಮಿಲಿಮೀಟರಿನ ಲೆಕ್ಕ. ದೊಡ್ಡದೆಂದರೂ ಒಂದಡಿಗೆ ತುಸು ಹೆಚ್ಚು, ಕಂಕುಳಲ್ಲಿ ಇಟ್ಟುಕೊಂಡು ಬರಬಹುದಾದ ಸಾಮಾನು. ಆದರೆ ಇಪ್ಪತ್ತೆರಡು ವರ್ಷ ನೀರಿನ ಕಚೇರಿಯಲ್ಲಿ ಪಳಗಿದ ಕಿವಿ ಅದು. ಅದಕ್ಕೆ ಯಾವ ಅಂಕಿ ಬಿದ್ದರೂ ಲೀಟರೇ. ಎಷ್ಟು ಏನು ಎಂದು ಒಂದು ಮಾತು ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಿದರೆ ತಜ್ಞರು ತಜ್ಞರಾಗಿ ಉಳಿಯುವುದು ಹೇಗೆ?

"ಮುನ್ನೂರ ಅರವತ್ತು," ಎಂದರು ಗಂಭೀರವಾಗಿ.

"ದೊಡ್ಡದೇ ಹಾಕ್ತಿದ್ದೀರ. ಮೇಲ್ಗಡೆ ಕೂರಿಸ್ತೀರಾ, ಮುಂದ್ಗಡೆನಾ?"

"ಮೇಲ್ಗಡೆ. ನೀರು ಅಂದ ಮೇಲೆ ಮೇಲಿಂದ ಇಳಿದ್ರೇನೇ ಚೆನ್ನ."

ಅಂಗಡಿಯವನು ಕಿವಿ ಕೆರೆದುಕೊಂಡ. "ಜಾಗ ಇದೆಯಾ ಅಳತೆ ಮಾಡ್ಕೊಂಡು ಬನ್ನಿ ಸಾರ್. ಎಷ್ಟೋ ಜನ ತಗೊಂಡು ಹೋಗಿ, ಹಿಡಿಸಲಿಲ್ಲ ಅಂತ ವಾಪಸ್ ತರ್ತಾರೆ."

"ನೀರು ಎಷ್ಟು ದಿನಕ್ಕೊಂದ್ಸಲ ಬದಲಾಯಿಸ್ಬೇಕು?"

"ಬದಲಾಯಿಸೋದೇ ಬೇಡ. ಐದು ವರ್ಷ ಅದೇ ನೀರು ಸುತ್ತುತ್ತಾ ಇರುತ್ತೆ."

ತಜ್ಞರಿಗೆ ಆಫೀಸಿನ ದೂರು ಪುಸ್ತಕ ನೆನಪಾಯಿತು. ನಿಂತ ನೀರು, ಸೊಳ್ಳೆ, ಪಾಚಿ ಎಂದು ದಿನಕ್ಕೆ ಹತ್ತು ದೂರು ಬರೆದುಕೊಳ್ಳುವ ಕೈ ಅದು. ಮಲಗುವ ಕೋಣೆಯ ಪಕ್ಕದಲ್ಲೇ ಐದು ವರ್ಷದ ನೀರು. ಆದರೂ ಮುಖದಲ್ಲಿ ಏನನ್ನೂ ತೋರಿಸದೆ, "ನಾನು ಅಂದ್ಕೊಂಡ ಹಾಗೇ ಇದೆ," ಎಂದು ಹೇಳಿ ಹೊರಬಿದ್ದರು.

ತಜ್ಞರಲ್ಲಿ ದೋಷ ಸಾವಿರ ಇರಬಹುದು, ಕದ್ದು ನೀರು ಬಳಸುವ ಬುದ್ಧಿ ಮಾತ್ರ ಇರಲಿಲ್ಲ. ಬುಧವಾರ ಬೆಳಗ್ಗೆ ತಮ್ಮ ಆಫೀಸಿನಲ್ಲಿ ತಾವೇ ಒಂದು ಅರ್ಜಿ ತುಂಬಿ ಸೂಪರಿಂಟೆಂಡೆಂಟರ ಮುಂದಿಟ್ಟರು: ಮನೆಯ ಕಂಪ್ಯೂಟರಿಗೆ ಮುನ್ನೂರ ಅರವತ್ತು ಲೀಟರ್ ನೀರು ಬಳಸಲು ಅನುಮತಿ ಕೋರಿ. ಆ ಆಫೀಸಿನ ಅರ್ಜಿ ನಮೂನೆಯಲ್ಲಿ ನೀರಿನ ಬಳಕೆಗೆ ಇದ್ದದ್ದು ಐದೇ ಕಾಲಂ. ಕುಡಿಯಲು, ಸ್ನಾನಕ್ಕೆ, ಬಟ್ಟೆಗೆ, ಗಿಡಗಳಿಗೆ, ಜಾನುವಾರುಗಳಿಗೆ. ಸೂಪರಿಂಟೆಂಡೆಂಟರು ಕನ್ನಡಕ ಏರಿಸಿದರು. ಪಕ್ಕದಲ್ಲಿ ಮೀಟರ್ ಇನ್‌ಸ್ಪೆಕ್ಟರು ಪೆನ್ನು ಹಿಡಿದು ಕೂತರು.

"ಇದು ಸ್ನಾನ ಮಾಡುತ್ತೇನ್ರೀ?"

"ಇಲ್ಲ ಸಾರ್."

"ಬಟ್ಟೆ?"

"ಒಂದು ಕವರ್ ಇದೆ. ಅದನ್ನ ಬೇರೆ ಒಗೀತೀವಿ."

"ಬೆಳೆಯುತ್ತಾ?"

"ತಂದಾಗ ಎಷ್ಟಿತ್ತೋ ಅಷ್ಟೇ ಇದೆ."

"ಕಟ್ಟಿಹಾಕಿರ್ತೀರಾ?"

"ವೈರಲ್ಲಿ."

ಸೂಪರಿಂಟೆಂಡೆಂಟರು ಕುರ್ಚಿಗೆ ಒರಗಿ ಯೋಚಿಸಿದರು. "ಕೆಲಸ ಮಾಡುತ್ತೆ, ಬಿಸಿಯಾದ್ರೆ ಮಲಗಿಬಿಡುತ್ತೆ, ನೀರು ಬೇಕು ಅನ್ನುತ್ತೆ. ಜಾನುವಾರು ಕಾಲಮ್ಮಿಗೆ ಹಾಕಿ."

ಆ ಕಾಲಮ್ಮಿಗೆ ಸಂಖ್ಯೆಯೂ ಬೇಕಿತ್ತು. ಇನ್‌ಸ್ಪೆಕ್ಟರು ಕೋಷ್ಟಕ ತೆಗೆದು ನೋಡಿದರು. ತಲೆಗೆ ತೊಂಬತ್ತು ಲೀಟರಿನಂತೆ ಮುನ್ನೂರ ಅರವತ್ತಕ್ಕೆ ಎಷ್ಟಾಯಿತು? "ಎಮ್ಮೆ, ನಾಲ್ಕು. ಎರಡನೇ ಮಹಡಿ," ಎಂದು ದುಂಡಗಿನ ಅಕ್ಷರದಲ್ಲಿ ಬರೆದರು. ಬೇರೆಯವರ ಅರ್ಜಿಗಳು ಆರು ತಿಂಗಳು ಮಲಗುತ್ತಿದ್ದ ಆಫೀಸು ಅದು. ತಮ್ಮವರ ಅರ್ಜಿಯೆಂಬ ಅಭಿಮಾನದಿಂದ ಶುಕ್ರವಾರವೇ ಸ್ಥಳ ತನಿಖೆ ಎಂದು ಗೊತ್ತುಮಾಡಿದರು.

ಗುರುವಾರ ಪ್ಲಂಬರ್ ಬಂದ. ಗೋಡೆ ತಟ್ಟಿದ, ನೆಲ ತಟ್ಟಿದ, ಅಟ್ಟದ ಕೆಳಗೆ ನಿಂತು ನಾಲಿಗೆಯಿಂದ ಲೊಚಗುಟ್ಟಿದ.

"ಮುನ್ನೂರ ಅರವತ್ತು ಲೀಟರ್ ಅಂದ್ರೆ ಮೂರೂವರೆ ಕ್ವಿಂಟಾಲ್ ಮೇಲಾಯ್ತು ಸಾರ್. ಈ ಅಟ್ಟ ತಡೆಯಲ್ಲ. ನೆಲಕ್ಕೆ ತೂತು ಹೊಡೆದು ಕಬ್ಬಿಣದ ಸ್ಟ್ಯಾಂಡ್ ಕೂರಿಸ್ಬೇಕು. ನಾಳೆ ಸಂಜೆ ಡ್ರಿಲ್ ತರ್ತೀನಿ."

"ನಾನೂ ಸ್ಟ್ಯಾಂಡೇ ಅಂದ್ಕೊಂಡಿದ್ದೆ."

"ಆದ್ರೆ ಸಾರ್, ಇಪ್ಪತ್ತು ವರ್ಷದಿಂದ ಕರೆಂಟಿನ ಹತ್ರ ನೀರು ಹೋಗದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ. ನೀವು ಅಲ್ಲಿಗೇ ಬಿಡು ಅಂತಿದ್ದೀರ. ನಿಮಗೆ ಗೊತ್ತಿರುತ್ತೆ ಬಿಡಿ, ತಜ್ಞರು."

ಪ್ಲಂಬರ್ ಹೋದ ಮೇಲೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಆ ದಿನ ಇನ್ನೂ ಎರಡು ಸಲ ನಲವತ್ತೊಂದಕ್ಕೆ ಆರಿಹೋಗಿತ್ತು.

"ರೀ, ನನಗೆ ಟ್ಯಾಂಕು, ಸ್ಟ್ಯಾಂಡು ಏನೂ ಬೇಡ. ಭಾನುವಾರ ಇನ್ನೂರು ಜನ ಕೂತಿರ್ತಾರೆ. ನಾನು ಎದ್ದು ನಿಂತು ಏನು ತೋರಿಸ್ಲಿ ಹೇಳಿ. ಮಿಸ್ ಎದುರಿಗೆ ಮತ್ತೆ ಬಾಯಿ ಬರದ ಹಾಗೆ ನಿಂತ್ಕೊಳ್ಲಾ?"

ಗಂಡ ಏನೋ ಹೇಳಲು ಹೋದರು. ಆಡಬೇಕಾದ ಆ ಒಂದು ಮಾತು ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅಭ್ಯಾಸಬಲದಿಂದ, "ನಾಳೆ ಟ್ಯಾಂಕ್ ಬರ್ಲಿ, ಎಲ್ಲಾ ಸರಿಹೋಗುತ್ತೆ," ಎಂಬುದು ಹೊರಬಂತು. ಆ ರಾತ್ರಿ ಬಡಿಸುವಾಗ ಆಕೆಯ ಬದಲು ತಟ್ಟೆಗಳು ಮಾತಾಡಿದವು.

ಶುಕ್ರವಾರ ಸಂಜೆ ಬಂತು. ಹೆಂಡತಿ ಕೊನೆಯ ಸಲ ನೋಡೋಣವೆಂದು ಗುಂಡಿ ಒತ್ತಿ, ಮುಖ ತಿರುಗಿಸಿಕೊಂಡು ಕೂತಿದ್ದಳು. ತಾಯಿ ಟೇಪು ಹಿಡಿದು ಬಂದರು.

"ಇಷ್ಟು ದೊಡ್ಡ ಟ್ಯಾಂಕ್ ಬರುತ್ತಂತೆ, ಅದಕ್ಕೂ ಸೇರಿಸಿ ಹೊಸ ಕವರ್ ಹೊಲೀಬೇಕು. ಹಳೇದನ್ನ ಅಳತೆಗೆ ಬಿಚ್ಕೊಳ್ತೀನಿ," ಎಂದು ಕಂಪ್ಯೂಟರಿನ ಕವರನ್ನು ಮೆಲ್ಲಗೆ ಕಳಚಿ, ಮಡಿಲಲ್ಲಿ ಹರಡಿಕೊಂಡು ಕೂತರು. ಅತ್ತ ಪ್ಲಂಬರ್ ಡ್ರಿಲ್ಲಿನ ಸಮೇತ ಒಳಗೆ ಬಂದ.

ಅದೇ ಹೊತ್ತಿಗೆ ಮೀಟರ್ ಇನ್‌ಸ್ಪೆಕ್ಟರು ಫೈಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಮೊದಲ ಮಹಡಿಯ ಬಾಗಿಲಲ್ಲಿ ಹೆಡ್‌ಮಿಸ್ ನಿಂತಿದ್ದರು. ತನಿಖೆಯ ಕ್ರಮದಂತೆ ನೆರೆಯವರನ್ನು ವಿಚಾರಿಸಬೇಕಲ್ಲ.

"ಮೇಡಂ, ನಿಮ್ಮ ಮೇಲ್ಗಡೆ ಮನೇಲಿ ನಾಲ್ಕು ಎಮ್ಮೆ ಇರೋದು ನಿಮಗೆ ಗೊತ್ತಾ?"

ಹೆಡ್‌ಮಿಸ್ ಮೂವತ್ತೆಂಟು ವರ್ಷದಲ್ಲಿ ಎಂಥೆಂಥ ಮಾತನ್ನೋ ಕೇಳಿದವರು. ಆದರೂ ಒಮ್ಮೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಎಮ್ಮೆ ಇರೋದು ಗೊತ್ತಿಲ್ಲ. ನಿನ್ನೆ ಧಡಧಡ ಸದ್ದು ಮಾತ್ರ ಕೇಳಿಸ್ತು," ಎಂದರು.

"ಮುನ್ನೂರ ಅರವತ್ತು ಲೀಟರ್ ನೀರು ಬೇರೆ ಕೇಳಿದ್ದಾರೆ. ಮೇಲ್ಗಡೆ ಟ್ಯಾಂಕ್ ಕೂರಿಸ್ತಾರಂತೆ."

ಹೆಡ್‌ಮಿಸ್ ಒಳಗೆ ಹೋಗಿ, ಚಾವಣಿಯ ಹಳೆಯ ಕಲೆಯನ್ನು ಒಮ್ಮೆ ನೋಡಿ, ಕೊಡೆ ತೆಗೆದುಕೊಂಡು ಹೊರಟರು.

ಎರಡು ನಿಮಿಷದಲ್ಲಿ ತಜ್ಞರ ಆ ಪುಟ್ಟ ಕೋಣೆ ತುಂಬಿಹೋಯಿತು. ಹೆಂಡತಿ ಥಟ್ಟನೆ ಎದ್ದು ಪರದೆಗೆ ಬೆನ್ನು ಕೊಟ್ಟು ನಿಂತಳು. ಯಾರಿಗೆ ಗೊತ್ತಾಗಬಾರದೋ ಅವರೇ ಎದುರಿಗೆ ಬಂದು ನಿಂತಿದ್ದರಲ್ಲ.

"ತಜ್ಞರೇ," ಎಂದರು ಹೆಡ್‌ಮಿಸ್, "ನಾನು ಮಲಗೋದು ಸರಿಯಾಗಿ ಈ ಜಾಗದ ಕೆಳಗೆ. ನಿವೃತ್ತಿ ಆದ್ಮೇಲೆ ನೆಮ್ಮದಿಯಾಗಿ ಮಲಗೋಣ ಅಂದ್ಕೊಂಡಿದ್ದೆ. ಇನ್ಮೇಲೆ ಈ ಕೊಡೆ ಬಿಚ್ಕೊಂಡು ಮಲಗ್ಲಾ?"

"ಹಾಗೇನಿಲ್ಲ ಮಿಸ್, ಸ್ಟ್ಯಾಂಡ್ ಗಟ್ಟಿಯಾಗಿರುತ್ತೆ."

"ಸ್ಟ್ಯಾಂಡ್ ಗಟ್ಟಿ ಮೇಡಂ, ನೆಲದ್ದು ನಾನು ಹೇಳಲಾರೆ," ಎಂದ ಪ್ಲಂಬರ್.

"ಮೊದಲು ಎಮ್ಮೆ ತೋರಿಸಿ," ಎಂದರು ಇನ್‌ಸ್ಪೆಕ್ಟರು.

"ಎಮ್ಮೆ ಎಲ್ಲಿಂದ ಬಂತ್ರೀ? ನನ್ನ ಕಂಪ್ಯೂಟರನ್ನೇ ನೀವು ಎಮ್ಮೆ ಅಂತ ಬರ್ಕೊಂಡಿರೋದು."

"ನಾನು ಬರ್ಕೊಂಡಿರೋದು ಎಮ್ಮೆ ನಾಲ್ಕು ಅಂತ. ಇಲ್ಲಿ ಒಂದು ಕಂಪ್ಯೂಟರ್ ಇದೆ. ಇನ್ನು ಮೂರಕ್ಕೆ ನಾನು ಏನು ಉತ್ತರ ಕೊಡ್ಲಿ?"

ಜಗಳ ಒಳ್ಳೆಯ ಹದಕ್ಕೆ ಬಂದಿತ್ತು. ಒಬ್ಬರು ಕ್ವಿಂಟಾಲಿನಲ್ಲಿ, ಒಬ್ಬರು ಎಮ್ಮೆಯಲ್ಲಿ, ಒಬ್ಬರು ಕೊಡೆಯ ತುದಿಯಿಂದ ನೆಲ ಕುಟ್ಟಿ ಮಾತಾಡುತ್ತಿದ್ದರು. ಬೆನ್ನ ಹಿಂದೆ ಏನಾಗುತ್ತಿದೆಯೆಂದು ಹೆಂಡತಿ ಒಮ್ಮೆ ಕತ್ತು ಹೊರಳಿಸಿ ನೋಡಿದಳು. ಹಸಿರು ಪಟ್ಟಿ ಅರವತ್ತಮೂರರಲ್ಲಿತ್ತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಅರವತ್ತನಾಲ್ಕು. ಉಸಿರು ಬಿಟ್ಟರೆ ಎಲ್ಲಿ ನಿಂತುಬಿಡುವುದೋ ಎಂದು ಹೆದರಿ, ಗಂಡನ ತೋಳನ್ನು ಮಾತ್ರ ಗಟ್ಟಿಯಾಗಿ ಜಿಗುಟಿದಳು.

ತಜ್ಞರು ನೋಡಿದರು. ನಲವತ್ತೊಂದು ದಾಟಿ ಯಾವ ಕಾಲವಾಗಿತ್ತೋ. ಟ್ಯಾಂಕಿಲ್ಲ, ನೀರಿಲ್ಲ, ಒಂದು ತೂತೂ ಬಿದ್ದಿಲ್ಲ. ಏನು ಬದಲಾಗಿದೆ ಎಂದು ಕೋಣೆಯನ್ನೆಲ್ಲ ಕಣ್ಣಲ್ಲಿ ಹುಡುಕುತ್ತಿದ್ದಾಗ ತಾಯಿ ಮೂಲೆಯಿಂದ, "ಇದು ನೋಡೋ, ಬಿಚ್ಚಿ ಇಷ್ಟು ಹೊತ್ತಾದ್ರೂ ಮಡಿಲೆಲ್ಲ ಬೆಚ್ಚಗಿದೆ, ಈಗ ಇಸ್ತ್ರಿ ಮಾಡಿದ ಹಾಗೆ," ಎಂದು ಕವರನ್ನು ಎತ್ತಿ ತೋರಿಸಿದರು.

ತಜ್ಞರು ಬಗ್ಗಿ ಅದನ್ನು ಮುಟ್ಟಿದರು. ಒಳಗಿನ ಫ್ಯಾನಿಗೆ ಗಾಳಿ ಸರಿಯಾಗಿ ಆಡ್ತಿದೆಯಾ ನೋಡಿದ್ರಾ ಎಂದು ಅಂಗಡಿಯವನು ಕೇಳಿದ್ದು ಆಗ ಅವರ ಕಿವಿಗೆ ಬಿತ್ತು, ಮೂರು ದಿನ ತಡವಾಗಿ. ಆ ದಪ್ಪ ಬಟ್ಟೆಯನ್ನೂ ಆ ನೆಟ್ಟಗಿನ ಹೊಲಿಗೆಯನ್ನೂ ಅವರು ಒಂದು ಗಳಿಗೆ ನೋಡುತ್ತಾ ನಿಂತರು.

ಅಷ್ಟರಲ್ಲಿ ನೂರಾಯಿತು. ಮುಗಿದ ಕೂಡಲೇ ಚಿತ್ರ ತಾನಾಗಿ ಓಡುವಂತೆ ಹೆಂಡತಿಯೇ ಮಾಡಿಟ್ಟಿದ್ದಳು, ಪಾಪ, ಸೋಮವಾರ, ಒಬ್ಬಳೇ ಕೂತು ನೋಡುವ ಆಸೆಯಿಂದ. ಆಕೆ ಎರಡೂ ಕೈ ಅಗಲಿಸಿ ಪರದೆಗೆ ಅಡ್ಡ ನಿಂತಳು. ಚಿತ್ರಕ್ಕೆ ಅಡ್ಡ ನಿಲ್ಲಬಹುದು, ಸದ್ದಿಗೆ ಯಾರು ಅಡ್ಡ ನಿಲ್ಲುವುದು? ದಪ್ಪ ಗಂಟಲಿನ ಗಂಡಸೊಬ್ಬ, "ನಮಸ್ಕಾರ ಮಿಸ್, ನಾನು ಕೊನೇ ಬೆಂಚಿನವನು," ಎಂದ.

ಕೊಡೆಯ ಕುಟ್ಟುವಿಕೆ ನಿಂತಿತು.

"ಇದು ನಮ್ಮ ಮೂವತ್ತೇಳನೇ ನಂಬರಿನ ಹುಡುಗ," ಎಂದರು ಹೆಡ್‌ಮಿಸ್. "ಅವನಿಗೆ ಗಂಟಲು ಒಡೆದ ವರ್ಷ ನಾನೇ ಕ್ಲಾಸ್ ಟೀಚರ್." ಇನ್ನೊಂದು ಧ್ವನಿ ಬಂತು, ಮತ್ತೊಂದು. ಅವರಿಗೆ ಎಲ್ಲ ಅರ್ಥವಾಯಿತು. ಎದುರಿಗೆ ಕೈ ಅಗಲಿಸಿ ನಿಂತವಳ ಕಣ್ಣಲ್ಲಿ ಇನ್ನೇನು ನೀರು ತುಳುಕುವುದರಲ್ಲಿತ್ತು. ಹೆಡ್‌ಮಿಸ್ ಗಿರಕ್ಕನೆ ಗೋಡೆಯ ಕಡೆ ತಿರುಗಿಬಿಟ್ಟರು.

"ನಾನು ಏನೂ ನೋಡಿಲ್ಲ, ಏನೂ ಕೇಳಿಲ್ಲ. ಭಾನುವಾರ ಚೆನ್ನಾಗಿ ಆಶ್ಚರ್ಯಪಡ್ತೀನಿ. ನೀನು ಅದನ್ನ ನಿಲ್ಲಿಸು ಪುಟ್ಟಿ, ನಿಧಾನವಾಗಿ ನಿಲ್ಲಿಸು, ಅವಸರ ಇಲ್ಲ," ಎಂದರು.

ಆಕೆ ನಿಲ್ಲಿಸಿದಳು. ಪ್ಲಂಬರನಿಗೆ ಮಾತ್ರ ತನ್ನ ಕೆಲಸದ ಚಿಂತೆ.

"ಅಲ್ಲ ಸಾರ್, ನೀರೇ ಬಿಡದೆ ಇದು ಹೇಗೆ ಸರಿಹೋಯ್ತು? ಇಷ್ಟು ದಿನ ಏನಾಗಿತ್ತು ಇದಕ್ಕೆ?"

ಎಲ್ಲರೂ ತಜ್ಞರ ಕಡೆ ನೋಡಿದರು. ತಾಯಿಯೂ ನೋಡಿದರು, ಕವರನ್ನು ಎದೆಗೆ ಒತ್ತಿಕೊಂಡು. ಉತ್ತರ ತಜ್ಞರ ನಾಲಿಗೆಯ ತುದಿಯಲ್ಲಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರಿಗೆ ಒಂದು ಪ್ರಶ್ನೆಯ ಸರಿಯಾದ ಉತ್ತರ ನಿಜವಾಗಿಯೂ ತಿಳಿದಿತ್ತು.

"ಗೊತ್ತಿಲ್ಲ," ಎಂದರು.

ಇನ್‌ಸ್ಪೆಕ್ಟರ ಪೆನ್ನು ಕೆಳಗೆ ಬಿತ್ತು. ಗೋಡೆಗೆ ಮುಖ ಮಾಡಿ ನಿಂತಿದ್ದ ಹೆಡ್‌ಮಿಸ್, "ಯಾರದು ಈಗ ಮಾತಾಡಿದ್ದು?" ಎಂದು ಕೇಳಿದರು.

ಒಬ್ಬೊಬ್ಬರಾಗಿ ಹೊರಟರು. ಪ್ಲಂಬರ್ ಡ್ರಿಲ್ಲು ಹೊತ್ತುಕೊಂಡು ಹೋದ. ಇನ್‌ಸ್ಪೆಕ್ಟರು ಮೆಟ್ಟಿಲ ಮೇಲೆಯೇ ನಿಂತು, "ಸ್ಥಳದಲ್ಲಿ ಎಮ್ಮೆಗಳು ಕಂಡುಬರಲಿಲ್ಲ," ಎಂದು ವರದಿ ಬರೆದು ಮುಗಿಸಿದರು. ಹೆಂಡತಿ ಚಿತ್ರವನ್ನು ಮೂರು ಕಡೆ ನಕಲು ಮಾಡಿಟ್ಟು, ನಾಲ್ಕು ದಿನದ ಮೇಲೆ ಗಂಡನಿಗೆ ಬಿಸಿ ಬಿಸಿಯಾಗಿ ಕಾಫಿ ತಂದುಕೊಟ್ಟಳು.

ಇನ್ನು ತಾಯಿ ಮತ್ತೆ ಕವರ್ ಹಾಕಲು ಬಂದರೆ ಏನು ನೆಪ ಹೇಳುವುದೆಂದು ತಜ್ಞರು ಕಾಫಿ ಕುಡಿಯುತ್ತಾ ಯೋಚಿಸುತ್ತಿದ್ದರು. ನೋಡಿದರೆ ತಾಯಿ ಕತ್ತರಿ ಹಿಡಿದು ಕವರಿನ ಹೊಲಿಗೆಯನ್ನು ಬಿಚ್ಚುತ್ತಿದ್ದರು.

"ಯಾಕಮ್ಮ ಬಿಚ್ತಿದ್ದೀಯ? ಚೆನ್ನಾಗೇ ಇತ್ತಲ್ಲ."

"ಹೆಡ್‌ಮಿಸ್‌ಗೆ ಒಂದು ಕೈಚೀಲ ಹೊಲಿದುಕೊಡ್ತೀನಿ, ಭಾನುವಾರಕ್ಕೆ. ಕಂಪ್ಯೂಟರಿಗೆ ಇನ್ಮೇಲೆ ಕವರ್ ಬೇಡ. ನಾನು ಮುಚ್ಚಿಟ್ಟಿದ್ದಕ್ಕೇ ಅಲ್ವಾ ಪಾಪ ಅದು ಒಳಗೇ ಬೇಯ್ತಿದ್ದದ್ದು."

"ಛೆ, ಹಾಗೆ ಯಾರು ಹೇಳಿದ್ರು? ನಂಗೆ ಗೊತ್ತಿಲ್ಲ ಅಂದ್ನಲ್ಲಮ್ಮ."

ತಾಯಿ ಸೂಜಿಯನ್ನು ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ದಾರ ಪೋಣಿಸಿದರು.

"ಅದಕ್ಕೇ ಕಣೋ ನಂಗೆ ಗೊತ್ತಾಗಿದ್ದು," ಎಂದರು. "ಇಷ್ಟು ವರ್ಷದಲ್ಲಿ ಒಂದು ದಿನವಾದ್ರೂ ನೀನು ಗೊತ್ತಿಲ್ಲ ಅಂದಿದ್ದೀಯಾ?"